ಗೊಬ್ಬರ ಗುಂಡಿಗಲ್ಲ, ನೆಲಕ್ಕೆ

ರೋಹಿಣಿ ಮಳೆಗೆ ಮುಂಚೆ ಹೊಲದಲ್ಲಿ ಗುಂಡಿಗಳ ಸಾಲು ಕಂಡರೆ ಅಲ್ಲಿ ಮಾವೋ ಸಪೋಟವೋ ಬರಲಿದೆ ಎಂದು ತಿಳಿಯಬಹುದು. ಉದ್ದ, ಅಗಲ, ಆಳ ಮೂರೂ ಮೂರಡಿ. ಬೇಸಿಗೆಯಲ್ಲಿ ತೋಡಿ ಬಿಸಿಲಿಗೆ ಬಿಟ್ಟು, ಬುಟ್ಟಿಗಟ್ಟಲೆ ಕೊಟ್ಟಿಗೆ ಗೊಬ್ಬರ, ಸಿಕ್ಕರೆ ಒಂದಿಷ್ಟು ಕೆರೆಗೋಡು ತುಂಬಿ, ಮೃಗಶಿರ ಮಳೆಗೆ ಕಸಿ ಗಿಡ ಕೂರಿಸುವುದು ವಾಡಿಕೆ. ತೋಡುವುದರ ಬಗ್ಗೆ ನನಗೆ ತಕರಾರು ಕಡಿಮೆ, ತುಂಬುವುದರ ಬಗ್ಗೆ ಹೆಚ್ಚು. ತೋಡಿ ತೆಗೆದ ಮಣ್ಣೇ ಗುಂಡಿಗೆ ಮರಳಬೇಕು, ಗೊಬ್ಬರ ನೆಲದ ಮೇಲಿರಬೇಕು ಎಂಬುದು ನನ್ನ ವಾದ.

10 ಮೀಟರ್ ಅಂತರದಲ್ಲಿ ನೆಟ್ಟ ಮಾವಿಗೆ 100 ಚದರ ಮೀಟರ್ ನೆಲ ದಕ್ಕುತ್ತದೆ. ಅದರಲ್ಲಿ ಗುಂಡಿಯ ಪಾಲು ಸುಮಾರು ಒಂದೇ ಚದರ ಮೀಟರ್. ಮರ ಬದುಕಿಡೀ ಉಣ್ಣಬೇಕಾದದ್ದು ಉಳಿದ 99ರಲ್ಲಿ. ನಾವು ಉಪಚರಿಸುವುದು ಆ ಒಂದನ್ನು. ಉಪಚಾರವೂ ನಿರಪಾಯವಲ್ಲ. ಗೊಬ್ಬರ ಕಳಿತಂತೆ ಗುಂಡಿಯ ಮಣ್ಣು ಕುಸಿಯುತ್ತದೆ, ಗಿಡವೂ ಜೊತೆಗೆ ಇಳಿಯುತ್ತದೆ. ಕಸಿ ಗಂಟು ಮಣ್ಣಿನೊಳಗೆ ಹೂತು ಬುಡದಲ್ಲಿ ನೀರು ನಿಲ್ಲುತ್ತದೆ. ಗೊಬ್ಬರ ಹಸಿಯಾಗಿದ್ದರೆ ಗೆದ್ದಲಿಗೆ ಕರೆಯೋಲೆ ಕೊಟ್ಟಂತೆ. ಕೋಲಾರದ ಕಡೆಯ ಗರಸು ಕೆಮ್ಮಣ್ಣಿನಲ್ಲಿ ಗುಂಡಿ ತುಂಬ ಕೆರೆಗೋಡು ಹಾಕಿದರಂತೂ ಎರಡು ಮಣ್ಣುಗಳ ನಡುವೆ ಗಡಿ ಬೀಳುತ್ತದೆ. ನುಣ್ಣನೆಯ ಗೋಡು ಪೂರ್ತಿ ನೆನೆದು ಉಕ್ಕುವವರೆಗೆ ಅದರ ನೀರು ಪಕ್ಕದ ಒರಟು ಗರಸಿಗೆ ಇಳಿಯದು. ವಿಜಯಪುರದ ಎರೆಭೂಮಿಯಲ್ಲಿ ಆಗುವುದು ಬೇರೆ ಬಗೆ: ಸುತ್ತಲಿನ ಬಿಗಿ ಎರೆಯಿಂದ ಹರಿದ ಮಳೆನೀರೆಲ್ಲ ಸಡಿಲ ಗುಂಡಿಗೆ ಬಂದು ನಿಲ್ಲುತ್ತದೆ. ಇಂಡಿ ತಾಲ್ಲೂಕಿನ ಲಿಂಬೆಗೆ ಹೆಸರಿರುವ ಆ ಸೀಮೆಯಲ್ಲಿ, ಬುಡ ಕೊಳೆತು ಅಂಟು ಸೋರುವ ರೋಗಕ್ಕೆ ಇಂಥ ನೀರೇ ದಾರಿ.

ಇದು ಹೊಸ ತಗಾದೆಯೂ ಅಲ್ಲ. ಇಂಗ್ಲೆಂಡಿನ ವೋಬರ್ನ್‌ನಲ್ಲಿ 1894ರಲ್ಲಿ ಆರಂಭವಾದ ಹಣ್ಣಿನ ಪ್ರಯೋಗ ತೋಟದಲ್ಲಿ ಸ್ಪೆನ್ಸರ್ ಪಿಕರಿಂಗ್ ಎಂಬ ರಸಾಯನ ವಿಜ್ಞಾನಿ ಗಿಡಗಳನ್ನು ಬೇಕೆಂದೇ ಒರಟಾಗಿ ನೆಟ್ಟು, ಮಣ್ಣನ್ನು ಬಲವಾಗಿ ತುಳಿಸಿ ನೋಡಿದ. ನಾಜೂಕಾಗಿ ನೆಟ್ಟವುಗಳಿಗೆ ಅವು ಅನೇಕ ಕಡೆ ಸರಿಸಮವಾಗಿ, ಕೆಲವೆಡೆ ಮೇಲಾಗಿಯೇ ಬೆಳೆದವು. ಅಂದಿನ ತೋಟಗಾರರು ಸಿಟ್ಟಾದದ್ದು ಸಹಜ. ಅಲ್ಲಿನ ಸೇಬಿನ ಲೆಕ್ಕ ಇಲ್ಲಿನ ಮಾವಿಗೆ ಹಾಗೇ ಹೊಂದೀತೆಂದು ನಾನೂ ಹೇಳುವುದಿಲ್ಲ. ಬೇರಿಗೆ ಬೇಕಾದದ್ದು ಮಣ್ಣಿನ ಗಟ್ಟಿ ಒಡನಾಟವೇ ಹೊರತು ಮೆತ್ತನೆ ಹಾಸಿಗೆಯಲ್ಲ ಎನ್ನುವಷ್ಟನ್ನು ಮಾತ್ರ ಅದರಿಂದ ತೆಗೆದುಕೊಳ್ಳುತ್ತೇನೆ.

ಮೂರಡಿ ಗುಂಡಿಯ ಪರವಾಗಿಯೂ ಹೇಳುವುದಿದೆ. ಒಂದೂವರೆ ಅಡಿಗೇ ಗಟ್ಟಿ ಪದರ ಸಿಗುವಲ್ಲಿ ಅದನ್ನು ಒಡೆಯದೆ ಗತಿಯಿಲ್ಲ. ಅಲ್ಲಿ ಆಳ ಬೇಕು, ತಳಕ್ಕೆ ಹಾರೆಯ ಏಟೂ ಬೇಕು. ಆದರೆ ಹಸಿ ಜೇಡಿಯಲ್ಲಿ ಯಂತ್ರದಿಂದ ಕೊರೆದ ಗುಂಡಿಯ ಗೋಡೆ ಗಾರೆ ಬಳಿದಂತೆ ನುಣುಪಾಗುವುದರಿಂದ ಅದನ್ನು ಗುದ್ದಲಿಯಲ್ಲಿ ಕೆದಕಲೇಬೇಕು. ಗುಂಡಿಗೆ ನೀರು ತುಂಬಿ ನೋಡಿ. ಮರುದಿನವೂ ನಿಂತಿದ್ದರೆ ಇನ್ನಷ್ಟು ತೋಡುವುದು ವ್ಯರ್ಥ, ಏರುಮಡಿ ಕಟ್ಟಿ ನೆಡುವುದೇ ಸರಿ. ಬಡ ಮಣ್ಣಿಗೆ ಗೊಬ್ಬರ ಹಾಕದಿದ್ದರೆ ಹೇಗೆ ಎನ್ನುವವರಿಗೆ ಉತ್ತರ: ಹಾಕಿ, ಮೇಲಿನಿಂದ ಹಾಕಿ. ಬುಡದಿಂದ ಗೇಣು ಬಿಟ್ಟು ಸುತ್ತಲೂ ಅಗಲಕ್ಕೆ ಹರಡಿ, ಮೇಲೆ ತರಗೆಲೆ ಹೊದಿಸಿದರೆ ಎರೆಹುಳುಗಳು ಅದನ್ನು ಕೆಳಗಿಳಿಸುತ್ತವೆ. ರಂಜಕವೊಂದು ಇದಕ್ಕೆ ಅಪವಾದ. ಅದು ಮಣ್ಣಿನಲ್ಲಿ ಹೆಚ್ಚು ದೂರ ಸರಿಯದು. ಆದ್ದರಿಂದ ಕೊರತೆಯಿರುವ ನೆಲದಲ್ಲಿ ಸೂಪರ್ ಫಾಸ್ಫೇಟನ್ನು ಗುಂಡಿಯ ಮಣ್ಣಿಗೆ ಬೆರೆಸಿದರೆ ನನ್ನ ಆಕ್ಷೇಪವಿಲ್ಲ. ನೆಡುವ ಹಿಂದಿನ ಮಳೆಗಾಲದಲ್ಲೇ ಹೊಲವಿಡೀ ಸೆಣಬೋ ಹುರುಳಿಯೋ ಬಿತ್ತಿ ಮಗುಚಿ ಉತ್ತಿದ್ದರೆ ಇನ್ನೂ ಒಳ್ಳೆಯದು. ಸ್ವಂತ ಮಣ್ಣು ತುಂಬಿದ ಗುಂಡಿಯೂ ಒಂದೆರಡು ಅಂಗುಲ ಕುಸಿಯುತ್ತದೆ, ಹಾಗಾಗಿ ಗಿಡವನ್ನು ಅಷ್ಟು ಎತ್ತರಿಸಿಯೇ ಕೂರಿಸಿ.