ಹಾರೈಸದ ಚಿತ್ರಗಳು

ಶುಭಾಶಯ ಪತ್ರಗಳ ಮೇಲೆ ವಿಮರ್ಶೆ ಬರೆಯುತ್ತೇನೆ ಎಂದಾಗ ಗೆಳೆಯರೊಬ್ಬರು, “ವಾಟ್ಸಾಪ್ ಕಾಲದಲ್ಲಿ ಕಾರ್ಡು ಕಳಿಸೋರು ಯಾರಿದ್ದಾರೆ ಮಾರಾಯ್ರೆ?” ಎಂದು ನಕ್ಕರು. ಕಳಿಸುವವರು ಕಡಿಮೆಯಾಗಿದ್ದಾರೆ, ಒಪ್ಪಿದೆ. ಆದರೂ ನಮ್ಮಂಥ ಬಾಡಿಗೆ ಫ್ಲ್ಯಾಟಿನವರ ಮನೆಗೆ ಚಿತ್ರಕಲೆ ಬರುವುದಾದರೆ ಇವತ್ತಿಗೂ ಬಹುಪಾಲು ಕಾರ್ಡಿನ ರೂಪದಲ್ಲೇ ಬರುತ್ತದೆ. ಲಗ್ನಪತ್ರಿಕೆ, ದೀಪಾವಳಿ ಕಾರ್ಡು, ಮ್ಯೂಸಿಯಂ ಅಂಗಡಿಯಲ್ಲಿ ಕೊಂಡ ನಾಲ್ಕು ಪೋಸ್ಟ್‌ಕಾರ್ಡು. ಫ್ರಿಜ್ಜಿನ ಬಾಗಿಲೇ ನಮ್ಮ ಗ್ಯಾಲರಿ. ಹಾಗಾಗಿ ಯಾವ ಚಿತ್ರ ಕಾರ್ಡಾಗುತ್ತದೆ, ಯಾವುದು ಆಗುವುದಿಲ್ಲ ಎಂಬುದು ಕೇಳಲೇಬೇಕಾದ ಪ್ರಶ್ನೆ. ನನ್ನ ತಲೆಯಲ್ಲಿ ಅದನ್ನು ಹುಟ್ಟಿಸಿದ್ದು ಅಂಧೇರಿಯಲ್ಲಿ ಬದುಕಿದ್ದ ಬಂಗಾಳಿ ಕಲಾವಿದ ಚಿತ್ತಪ್ರಸಾದ್ ಅವರ ಅಚ್ಚುಚಿತ್ರಗಳು. ಅವರಲ್ಲಿಗೆ ಹೋಗುವ ಮೊದಲು ಬೇರೆ ಎರಡು ಬಗೆಯ ಮುದ್ರಣಾಲಯಗಳನ್ನು ಹಾದು ಹೋಗಬೇಕು.

ಮೊದಲನೆಯದು ನಮಗೆಲ್ಲ ಗೊತ್ತಿರುವುದೇ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಶುರುಮಾಡಿದ ಪ್ರೆಸ್ಸು, ಐದು ವರ್ಷದಲ್ಲಿ ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಲೋಹಗಡಕ್ಕೋ ಭಾಜೆ ಗುಹೆಗೋ ಟ್ರೆಕ್ಕಿಂಗ್ ಹೊರಟು ನಾವು ಲೋಕಲ್ ಇಳಿಯುತ್ತೇವಲ್ಲ, ಅದೇ ಮಳವಲಿ. ಜರ್ಮನಿಯಿಂದ ಯಂತ್ರ, ಜರ್ಮನಿಯಿಂದಲೇ ಕುಶಲಕರ್ಮಿಗಳು, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಕೊನೆಗೆ ರವಿವರ್ಮ ಪ್ರೆಸ್ಸನ್ನು ಅಲ್ಲಿನ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಶರ್‌ಗೆ ಮಾರಿದರು. ಆಮೇಲೆ ಅದೇ ಲಕ್ಷ್ಮಿ, ಅದೇ ಸರಸ್ವತಿ ಕ್ಯಾಲೆಂಡರಿಗೆ, ಲೇಬಲ್ಲಿಗೆ, ಪೋಸ್ಟ್‌ಕಾರ್ಡಿಗೆ ಇಳಿದರು. ಇವತ್ತು ನಮ್ಮ ಬಂಧುಗಳ ಲಗ್ನಪತ್ರಿಕೆಗೂ ಬಂದಿದ್ದಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಹಕ್ಕುಸ್ವಾಮ್ಯ ಯಾವತ್ತೋ ಮುಗಿದಿದೆ. ಯಾರನ್ನೂ ಕೇಳುವ ಹಾಗಿಲ್ಲ.

ಆದರೆ ಗೋಡೆಗೆಂದು ಮಾಡಿದ ಚಿತ್ರ ಅಂಗೈಗೆ ಇಳಿದಾಗ ಸೊರಗುತ್ತದೆ. ಸೀರೆಯ ಮಡಿಕೆಗಳ ನೆರಳು ಕಲಸಿಹೋಗುತ್ತದೆ, ಮುಖ ಮೊಹರಿನಂತಾಗುತ್ತದೆ. ಆಮೇಲೆ ಉಳಿಯುವುದು ಗುರುತು ಮಾತ್ರ: ಕಮಲ ಇದೆ, ಹಾಗಾದರೆ ಲಕ್ಷ್ಮಿ. ಪತ್ರಿಕೆಗೆ ಅಷ್ಟು ಸಾಕು, ಚಿತ್ರಕ್ಕೆ ಸಾಲದು.

ಎರಡನೆಯದು ಇಂಗ್ಲೆಂಡಿನ ಖಾಸಗಿ ಮುದ್ರಣಾಲಯಗಳ ದಾರಿ. ಮಾರುಕಟ್ಟೆಯ ಲೆಕ್ಕ ಬದಿಗಿಟ್ಟು, ತಮಗೆ ಬೇಕಾದ ಪುಸ್ತಕವನ್ನು ಬೇಕಾದ ಕಾಗದದಲ್ಲಿ ಕೆಲವೇ ನೂರು ಪ್ರತಿ ಅಚ್ಚುಹಾಕುತ್ತಿದ್ದ ಸಣ್ಣ ಪ್ರೆಸ್ಸುಗಳು. ಗೋಲ್ಡನ್ ಕಾಕೆರೆಲ್ ಪ್ರೆಸ್ ಅಂಥದೊಂದು. 1924ರಲ್ಲಿ ಅದನ್ನು ಕೊಂಡ ರಾಬರ್ಟ್ ಗಿಬ್ಬಿಂಗ್ಸ್ ಸ್ವತಃ ಮರಕೆತ್ತನೆಗಾರ. ಎರಿಕ್ ರಾವಿಲಿಯಸ್ 1932ರಲ್ಲಿ ಅದೇ ಪ್ರೆಸ್ಸಿಗಾಗಿ ಶೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ಗೆ ಚಿತ್ರ ಕೆತ್ತಿದ. ರಾವಿಲಿಯಸ್ ಹೆಸರು ಕೇಳದವರೂ ಅವನ ಕೆಲಸ ನೋಡಿರುತ್ತೀರಿ: ‘ವಿಸ್ಡನ್’ ಕ್ರಿಕೆಟ್ ವಾರ್ಷಿಕದ ಮುಖಪುಟದಲ್ಲಿ ಎತ್ತರದ ಟೋಪಿ ಹಾಕಿ ಆಡುವ ಇಬ್ಬರು ಸಭ್ಯಸ್ಥರು ಇದ್ದಾರಲ್ಲ, 1938ರಿಂದ ಅಲ್ಲಿರುವ ಆ ಮರಕೆತ್ತನೆ ಅವನದು.

ಈ ಪುಸ್ತಕಗಳ ಕೆತ್ತನೆಗಳು ಈಗ ಕಾರ್ಡುಗಳಾಗಿ ಸಿಗುತ್ತವೆ. ಲಂಡನ್ನಿನ ಸಹೋದ್ಯೋಗಿಯೊಬ್ಬರು ಪ್ರತಿ ಡಿಸೆಂಬರಿನಲ್ಲಿ ನನಗೊಂದು ಕಳಿಸುತ್ತಾರೆ. ಅವು ಸೊರಗುವುದಿಲ್ಲ. ಕಾರಣ ಕುಶಲತೆಗಿಂತ ಹೆಚ್ಚಾಗಿ ಮರದಲ್ಲಿದೆ. ಮರಕೆತ್ತನೆಗೆ ಬಳಸುವುದು ಉದ್ದದ ಹಲಗೆಯನ್ನಲ್ಲ, ದಿಂಡನ್ನು ಅಡ್ಡ ಕೊಯ್ದಾಗ ಸಿಗುವ ಗಟ್ಟಿ ಮುಖವನ್ನು. ಅದಕ್ಕೆ ಹೇಳಿಮಾಡಿಸಿದ ಬಾಕ್ಸ್‌ವುಡ್ ಮರದ ಕಾಂಡವೇ ಸಣ್ಣದು, ಆದ್ದರಿಂದ ಅಚ್ಚೂ ಅಂಗೈಯಗಲ. ಅಚ್ಚುಮೊಳೆಯ ಎತ್ತರಕ್ಕೇ ಮರವನ್ನು ಹದಮಾಡಿ, ಅಕ್ಷರದ ಪಕ್ಕ ಕಟ್ಟಿ, ಎರಡನ್ನೂ ಒಂದೇ ಒತ್ತಿಗೆ ಮುದ್ರಿಸುತ್ತಿದ್ದರು. ಮೊದಲೇ ಕಾರ್ಡಿನ ಅಳತೆಯ ಚಿತ್ರ. ಇನ್ನೊಂದು ಕಾರಣ ನಮ್ಮ ವೃತ್ತಿಯವರಿಗೆ ಬೇಗ ಹೊಳೆಯುತ್ತದೆ. ಕೆತ್ತನೆಯಲ್ಲಿ ಬೂದುಬಣ್ಣ ಇಲ್ಲ. ಮಸಿ ಇದೆ ಅಥವಾ ಇಲ್ಲ, ಒಂದು ಅಥವಾ ಸೊನ್ನೆ. ಗೆರೆಗಳನ್ನು ಒತ್ತೊತ್ತಾಗಿ ಇಟ್ಟು ಕಣ್ಣಿಗೆ ಬೂದು ಕಾಣಿಸಬೇಕು. ಹಾಗಾಗಿ ನೂರು ವರ್ಷದ ಬಳಿಕ ಆಫ್‌ಸೆಟ್ಟಿನಲ್ಲಿ ತೆಗೆದರೂ ಗೆರೆ ಗೆರೆಯಾಗಿಯೇ ಬರುತ್ತದೆ. ಹೋಗುವುದು ಕಾಗದದ ಮೇಲಿನ ಒತ್ತು, ಬೆರಳಿಗೆ ತಾಗುವ ಆ ತಗ್ಗು. ಮತ್ತೆ ಪಕ್ಕದಲ್ಲಿದ್ದ ಅಕ್ಷರ.

ಈ ಕೊನೆಯದು ಸಣ್ಣ ನಷ್ಟವಲ್ಲ. ಪುಸ್ತಕದಲ್ಲಿ ಚಿತ್ರದ ಪಕ್ಕ ಕವಿಯ ಮಾತಿತ್ತು. ಕಾರ್ಡಿನಲ್ಲಿ ಆ ಜಾಗಕ್ಕೆ ‘ಹೊಸ ವರ್ಷದ ಶುಭಾಶಯಗಳು’ ಬಂದು ಕೂರುತ್ತದೆ, ಚಿತ್ರ ಆ ಮಾತಿಗೆ ತಲೆಯಾಡಿಸಬೇಕಾಗುತ್ತದೆ. ರಾವಿಲಿಯಸ್‌ನ ತೋಟ, ಹಕ್ಕಿ, ಹೊಲಗಳಿಗೆ ಅದು ಕಷ್ಟವಲ್ಲ. ಅವು ಯಾವ ಒಳ್ಳೆಯ ಮಾತಿಗೂ ಒಗ್ಗುತ್ತವೆ.

ನಮ್ಮಲ್ಲೂ ಒಗ್ಗುವಂಥವು ಇವೆ. ಹರೇನ್ ದಾಸ್ (1921–1993) ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ಕಲಿತು ಅಲ್ಲೇ ಕಲಿಸಿದವರು, ಮರಕೆತ್ತನೆಯಲ್ಲಿ ಅವರಷ್ಟು ನಯದ ಕೈ ಈ ದೇಶದಲ್ಲಿ ಅಪರೂಪ. ಕೆರೆ, ಬಿದಿರು, ದೋಣಿ, ಸಂಜೆ ಮನೆಗೆ ಮರಳುವ ಜನ. ಒಂದೊಂದೂ ಸಿದ್ಧ ಕಾರ್ಡು. ಬಂಗಾಳ ಹಸಿವಿನಿಂದ ಸಾಯುತ್ತಿದ್ದಾಗ ಬೆಳೆದ ಕಲಾವಿದನ ಹಳ್ಳಿ ಇಷ್ಟು ಶಾಂತವಾಗಿರುವುದು ನನ್ನನ್ನು ಸ್ವಲ್ಪ ಕಾಡುತ್ತದೆ, ಆದರೆ ಆ ಶಾಂತಿ ಸುಳ್ಳೆಂದು ಹೇಳಲಾರೆ. ನಂದಲಾಲ್ ಬೋಸ್ 1930ರ ದಂಡಿ ಯಾತ್ರೆಯ ಸಂದರ್ಭದಲ್ಲಿ ಲಿನೊದಲ್ಲಿ ಕೊರೆದ ಕೋಲು ಹಿಡಿದ ಗಾಂಧಿಯೂ ಕಾರ್ಡಿಗೆ ಸಲೀಸು. ಕಪ್ಪಿನ ನಡುವೆ ಕೆಲವೇ ಬಿಳಿ ಗೆರೆ, ಒಂದೇ ಆಕೃತಿ. ಅಂಚೆಚೀಟಿಯಷ್ಟಕ್ಕೆ ಕುಗ್ಗಿಸಿದರೂ ಮುದುಕ ನಡೆಯುತ್ತಲೇ ಇರುತ್ತಾನೆ.

ಲಿನೊ ಎಂದರೆ ಲಿನೋಲಿಯಂ. ಅಗಸೆ ಎಣ್ಣೆ, ಕಾರ್ಕ್ ಪುಡಿ ಕಲಸಿ ಗೋಣಿಬಟ್ಟೆಯ ಮೇಲೆ ಹರಡಿ ಮಾಡಿದ ನೆಲಹಾಸು. ಮರದಷ್ಟು ಸೂಕ್ಷ್ಮ ಗೆರೆ ಬಾರದು, ಆದರೆ ಅಗ್ಗ, ಮೆದು. ಕೊರೆಯಲು ಸಣ್ಣ ಉಳಿ ಸಾಕು, ಅಚ್ಚೊತ್ತಲು ಯಂತ್ರವೂ ಬೇಡ, ಚಮಚದ ಬೆನ್ನಿನಿಂದ ಉಜ್ಜಿದರೂ ನಡೆದೀತು. ಬಡವನ ಮರಕೆತ್ತನೆ.

ಚಿತ್ತಪ್ರಸಾದ್ ಕೈಗೆತ್ತಿಕೊಂಡದ್ದು ಇದನ್ನು. 1915ರಲ್ಲಿ ನೈಹಾಟಿಯಲ್ಲಿ ಹುಟ್ಟಿದರು, ಕಲಾಶಾಲೆಯ ಮೆಟ್ಟಿಲು ಹತ್ತದೆ ತಾವಾಗಿ ಕಲಿತರು, ಜಾತಿ ಹೇಳುತ್ತದೆಂದು ಭಟ್ಟಾಚಾರ್ಯ ಎಂಬ ಅಡ್ಡಹೆಸರನ್ನು ಕಳಚಿದರು. ಕಮ್ಯುನಿಸ್ಟ್ ಪಕ್ಷದ ಕೆಲಸಕ್ಕೆಂದು ಮುಂಬಯಿಗೆ ಬಂದರು. ನಲವತ್ತರ ದಶಕದ ಕೊನೆಯಲ್ಲಿ ಪಕ್ಷದಿಂದ ದೂರವಾದ ಮೇಲೂ ಊರು ಬಿಡಲಿಲ್ಲ. ಅಂಧೇರಿಯ ಸಣ್ಣ ಮನೆಯಲ್ಲಿ ಬಡತನದಲ್ಲೇ ದಶಕಗಳನ್ನು ಕಳೆದರು, ಲಿನೊ ಕೊರೆದರು, ಗೊಂಬೆ ಮಾಡಿ ಆಡಿಸಿದರು. ಜೆಕ್ ನಿರ್ದೇಶಕ ಪಾವೆಲ್ ಹೋಬ್ಲ್ ಅವರ ಮೇಲೆ ‘ಕನ್ಫೆಶನ್’ ಎಂಬ ಚಿತ್ರ ತೆಗೆದರು. 1978ರಲ್ಲಿ ಚಿತ್ತಪ್ರಸಾದ್ ಕಲ್ಕತ್ತೆಯಲ್ಲಿ ತೀರಿಕೊಂಡರು. ಖಾಸಗಿ ಮುದ್ರಣಾಲಯ ಎಂಬ ಮಾತಿಗೆ ‘ಮಾರುಕಟ್ಟೆ ಕೇಳಿದ್ದನ್ನಲ್ಲ, ತನಗೆ ಬೇಕಾದ್ದನ್ನು ಅಚ್ಚುಹಾಕುವ ಜಾಗ’ ಎಂದು ಅರ್ಥವಾದರೆ, ಈ ಮಹಾನಗರ ಕಂಡ ಅತಿ ಚಿಕ್ಕ ಖಾಸಗಿ ಮುದ್ರಣಾಲಯ ಅಂಧೇರಿಯ ಆ ಕೋಣೆ.

ನಮ್ಮ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಇದೇ ಊರಿನಲ್ಲಿ, ಅದೇ ವರ್ಷಗಳಲ್ಲಿ ಗೆರೆ ಎಳೆಯುತ್ತಿದ್ದರು. ಮುಂಬಯಿ ಕನ್ನಡಿಗರಿಗೆ ಹೆಬ್ಬಾರರ ಗೆರೆ ಮನೆಯ ಮಾತು. ಅದು ಬಿಳಿಯ ಮೇಲೆ ಕಪ್ಪಾಗಿ ಹರಿಯುತ್ತದೆ, ಕುಣಿಯುತ್ತದೆ, ಅವರ ಪುಸ್ತಕದ ಹೆಸರಿನ ಹಾಗೆ ಹಾಡುತ್ತದೆ. ಚಿತ್ತಪ್ರಸಾದರದು ತಿರುವುಮುರುವು. ಇಡೀ ಕಪ್ಪಿನಿಂದ ಶುರು, ಉಳಿ ತೆಗೆದಷ್ಟು ಬೆಳಕು. ಬೆಳಕನ್ನು ಅವರು ದುಡಿದು ಸಂಪಾದಿಸಬೇಕು.

1950ರ ದಶಕದ ಆರಂಭದಲ್ಲಿ ಅವರು ಮಕ್ಕಳ ಮೇಲೆ ಲಿನೊ ಚಿತ್ರಗಳ ಒಂದು ಸರಣಿ ಮಾಡಿದರು. ದುಡಿಯುವ ಮಕ್ಕಳು, ಬೀದಿಯ ಮಕ್ಕಳು, ಆಡುವ ವಯಸ್ಸಿನಲ್ಲಿ ಆಟ ಸಿಗದವರು. 1969ರಲ್ಲಿ ಡೆನ್ಮಾರ್ಕಿನ ಯುನಿಸೆಫ್ ಸಮಿತಿ ಅದನ್ನು ‘ಏಂಜಲ್ಸ್ ವಿದೌಟ್ ಫೇರಿ ಟೇಲ್ಸ್’ ಎಂದು ಪುಸ್ತಕವಾಗಿ ಹೊರತಂದಿತು. ಅಜ್ಜಿಕತೆ ಇಲ್ಲದ ದೇವತೆಗಳು ಎನ್ನೋಣ.

ಯುನಿಸೆಫ್ ಎಂದ ಕೂಡಲೇ ನಮ್ಮ ತಲೆಮಾರಿಗೆ ನೆನಪಾಗುವುದೇ ಕಾರ್ಡು. ಅದರ ಮೊದಲ ಕಾರ್ಡು 1949ರದು. ಜೆಕೊಸ್ಲೊವಾಕಿಯಾದ ಯಿಟ್ಕಾ ಸಾಮ್ಕೊವಾ ಎಂಬ ಏಳು ವರ್ಷದ ಹುಡುಗಿ, ಯುದ್ಧದ ನಂತರ ಸಿಕ್ಕ ನೆರವಿಗೆ ಕೃತಜ್ಞತೆಯಾಗಿ ಬಿಡಿಸಿದ ಚಿತ್ರ ಅದು. ಕಾಗದ ಸಿಗದೆ ಗಾಜಿನ ಮೇಲೆ ಬಿಡಿಸಿದ್ದಳು. ಕಂಬದ ಸುತ್ತ ಕುಣಿಯುವ ಮಕ್ಕಳು. ಕೊರತೆಯೊಳಗೆ ಕೂತು ಬರೆದ ಸಂತೋಷ, ಹಾಗಾಗಿ ಅದಕ್ಕೆ ಹಾರೈಸುವ ಹಕ್ಕಿತ್ತು. ಚಿತ್ತಪ್ರಸಾದರ ಮಕ್ಕಳು ಬಂದದ್ದು ಪುಸ್ತಕವಾಗಿ. ಆ ಸಮಿತಿ ಸರಿಯಾಗಿ ಓದಿತು ಎನಿಸುತ್ತದೆ ನನಗೆ. ಒಂದೊಂದೇ ಬಿಡಿಸಿ ಶುಭಾಶಯದ ಕೆಳಗೆ ನಿಲ್ಲಿಸಿದ್ದರೆ ಆ ಹುಡುಗರು ಮತ್ತೊಂದು ಕೂಲಿಗೆ ಹೋದ ಹಾಗಾಗುತ್ತಿತ್ತು.

ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ವರ್ಷದ ಕೊನೆಗೆ ಕ್ಲೈಂಟುಗಳಿಗೆ ಕಳಿಸುವ ಕಾರ್ಡನ್ನು ಸಮಿತಿ ಕೂತು ಆರಿಸುತ್ತಿತ್ತು. ಒಂದು ವರ್ಷ ಸೇವಾಸಂಸ್ಥೆಯ ಮಕ್ಕಳು ಬಿಡಿಸಿದ ಹದಿನೈದು ಚಿತ್ರಗಳು ಬಂದವು. ಅದರಲ್ಲೊಂದು, ತಲೆಯ ಮೇಲೆ ಇಟ್ಟಿಗೆ ಹೊತ್ತ ಹುಡುಗಿ. ಚಿತ್ರವಾಗಿ ಎಲ್ಲಕ್ಕಿಂತ ಗಟ್ಟಿ. “ಡಿಪ್ರೆಸಿಂಗ್ ಆಗತ್ತೆ” ಎಂದು ಎರಡು ನಿಮಿಷದಲ್ಲಿ ಪಕ್ಕಕ್ಕಿಟ್ಟು ಬಲೂನಿನ ಚಿತ್ರ ಆರಿಸಿದರು. ಯಾರೂ ಕೆಟ್ಟವರಲ್ಲ. ಕಾರ್ಡಿನ ವ್ಯಾಕರಣವೇ ಹಾಗೆ. ಅದು ಪಡೆದವರನ್ನು ಏನೂ ಕೇಳಬಾರದು.

ಈಗ ನನ್ನ ತಕರಾರು ಚಿತ್ತಪ್ರಸಾದರ ಜೊತೆಗೇ. ಮಕ್ಕಳ ಸರಣಿ ಅವರ ಅತ್ಯುತ್ತಮ ಕೆಲಸ ಎಂದು ನನಗನಿಸುವುದಿಲ್ಲ. ದೊಡ್ಡ ದೊಡ್ಡ ಕಣ್ಣುಗಳು ಮರಳಿ ಮರಳಿ ಬರುತ್ತವೆ, ಮುಖಗಳು ಒಂದರ ಹಾಗೆ ಇನ್ನೊಂದು. ಪೋಸ್ಟರು ಬರೆದ ಕೈಯ ಅಭ್ಯಾಸ ಅಲ್ಲಲ್ಲಿ ಉಳಿಗೂ ಅಂಟಿದೆ. 1943ರ ನವೆಂಬರಿನಲ್ಲಿ ಮಿದ್ನಾಪುರದ ಹಳ್ಳಿಗಳಲ್ಲಿ ಕ್ಷಾಮ ನೋಡುತ್ತ ನಡೆದಾಗ ಮಾಡಿದ ಶಾಯಿಯ ಚಿತ್ರಗಳನ್ನು ಇವುಗಳ ಪಕ್ಕ ಇಟ್ಟು ನೋಡಿ. ಬರಹ ಮತ್ತು ಚಿತ್ರ ಸೇರಿ ‘ಹಂಗ್ರಿ ಬೆಂಗಾಲ್’ ಎಂಬ ಪುಸ್ತಕವಾಯಿತು, ಮುಂಬಯಿಯಲ್ಲೇ ಅಚ್ಚಾಯಿತು. ಸರ್ಕಾರ ಐದು ಸಾವಿರ ಪ್ರತಿಗಳನ್ನು ಹಿಡಿದು ಸುಟ್ಟಿತು. ಮನೆಯವರು ಬ್ಯಾಂಕಿನ ಲಾಕರಿನಲ್ಲಿ ಉಳಿಸಿದ್ದ ಪ್ರತಿಯಿಂದ 2011ರಲ್ಲಿ ದೆಹಲಿಯ ಡಿಎಜಿ ಯಥಾಪ್ರತಿ ಮರುಮುದ್ರಣ ತಂದಿತು. ಅಲ್ಲಿ ಚಿತ್ರದ ಜೊತೆ ಊರಿನ ಹೆಸರಿದೆ, ಮನುಷ್ಯನ ಹೆಸರಿದೆ. ಹೆಸರಿರುವ ಚಿತ್ರವನ್ನು ಕಾರ್ಡು ಮಾಡಲು ಯಾರಿಗೂ ಮನಸ್ಸು ಬಾರದು. ಲಿನೊದ ಮಕ್ಕಳಿಗೆ ಹೆಸರಿಲ್ಲ, ಅವರು ಎಲ್ಲ ಮಕ್ಕಳು. ಅಲ್ಲೇ ನನಗೆ ಭಯ. ಹೆಸರಿಲ್ಲದ ದುಃಖಕ್ಕೆ ಸುಂದರವಾದ ಕಪ್ಪುಬಿಳುಪು ಸೇರಿದರೆ ಒಳ್ಳೆಯ ಅಭಿರುಚಿಯ ಕಾರ್ಡಾಗಲು ಹೆಚ್ಚು ಹೊತ್ತು ಬೇಡ. ಇಟ್ಟಿಗೆಯ ಹುಡುಗಿಯನ್ನು ಪಕ್ಕಕ್ಕಿಟ್ಟ ಸಮಿತಿಯೇ ನಾಳೆ ‘ಕಲಾತ್ಮಕ’ ಎಂದು ಇದನ್ನು ಆರಿಸೀತು.

ಸಾಕಷ್ಟು ಸಮಯವಿದೆ. ನಮ್ಮ ಕಾನೂನಿನ ಪ್ರಕಾರ ಕಲಾವಿದ ತೀರಿಕೊಂಡ ಮೇಲೆ ಅರವತ್ತು ವರ್ಷ ಹಕ್ಕು ಇರುತ್ತದೆ, ಅಂದರೆ ಚಿತ್ತಪ್ರಸಾದರ ಚಿತ್ರಗಳಿಗೆ 2038ರ ಕೊನೆಯ ದಿನದವರೆಗೆ. 2039ರ ಹೊಸ ವರ್ಷಕ್ಕೆ ಅವರೂ ರವಿವರ್ಮನ ಸಾಲಿಗೆ ಬರುತ್ತಾರೆ: ಮಗ್ಗು, ಟಿ-ಶರ್ಟು, ಕಾರ್ಡು. ಆಗ ಮೊದಲು ಹೋಗುವುದು ಯಾವುದು ಎಂದು ಊಹಿಸಬಲ್ಲೆ. ತಾಯಿ ಮಗುವಿನ ಚಿತ್ರಗಳು, ರಾಮಾಯಣದ ಲಿನೊಗಳು, ಪ್ರಾಣಿಗಳು. ಅವೂ ಚೆನ್ನಾಗಿವೆ, ಅವರಲ್ಲಿದ್ದ ಗೊಂಬೆಯಾಟದವನ ನಗು ಅಲ್ಲಿ ಕಾಣುತ್ತದೆ. ಹೋಗಲಿ ಬಿಡಿ. ಆದರೆ ಯಾರಾದರೂ ಧೈರ್ಯಮಾಡಿ ಬೀದಿಯ ಮಕ್ಕಳನ್ನೂ ಅಚ್ಚುಹಾಕುವುದಾದರೆ ಮೂಲ ಅಳತೆಯನ್ನು ಆದಷ್ಟು ಉಳಿಸಲಿ. ಕಪ್ಪನ್ನು ತೆಳುಮಾಡಿ ಕಂದು ಬಣ್ಣ ಬಳಿಯುವುದು ಬೇಡ. ಹಿಂಬದಿಯಲ್ಲಿ ಕಲಾವಿದನ ಹೆಸರು, ವರ್ಷ, ಅಂಧೇರಿ ಎಂದಿರಲಿ. ಒಳಗಿನ ಪುಟ ಪೂರ್ತಿ ಖಾಲಿ ಇರಲಿ, ಒಂದು ಶುಭಾಶಯವೂ ಬೇಡ. ಆ ಮಗುವಿನ ಮುಖದ ಎದುರಿಗೆ ಏನು ಬರೆಯಬೇಕೆಂದು ಕಳಿಸುವವನೇ ಪೆನ್ನು ಹಿಡಿದು ಯೋಚಿಸಲಿ. ಅಂಥ ಕಾರ್ಡು ಬಂದರೆ ನಾನೊಂದು ಕಟ್ಟು ಕೊಳ್ಳುತ್ತೇನೆ. ಕಳಿಸಬೇಕಾದವರ ಪಟ್ಟಿಯಲ್ಲಿ ಸದ್ಯಕ್ಕೆ ನಾಲ್ಕು ಹೆಸರಿವೆ, ಹಳೆಯ ಸಮಿತಿಯ ಇಬ್ಬರೂ ಸೇರಿ.