ಬಹುವಚನ ಯಾರಿಗೆ?

ನಮ್ಮ ದಿಬ್ಬೂರಹಳ್ಳಿ ಸುತ್ತಿನ ಶಾಲೆಗಳಲ್ಲಿ ಸೆಪ್ಟೆಂಬರ್ 15 ಬಂತೂಂದ್ರೆ ವಿಶ್ವೇಶ್ವರಯ್ಯನವರ ಪಟಕ್ಕೆ ಹಾರ ಬೀಳುತ್ತೆ. ಅವರ ಮುದ್ದೇನಹಳ್ಳಿ ನಮ್ಮ ಜಿಲ್ಲೆಯದೇ. 'ನಾಡಿನ ಮಹನೀಯರು' ಅನ್ನೋ ಪಾಠ, ಭಾಷಣ, ಪುಸ್ತಿಕೆಗಳಲ್ಲೆಲ್ಲ ಒಂದೇ ವಾಕ್ಯ: ಕನ್ನಂಬಾಡಿ ಕಟ್ಟಿದರು. ನಾನೂ ಅದನ್ನ ಉರು ಹೊಡೆದು ಬಹುಮಾನ ತಗೊಂಡವನೇ.

ಈ ವಾಕ್ಯವನ್ನೇ ವಿಮರ್ಶೆಗೆ ಎತ್ತಿಕೊಳ್ಳೋಣ. 'ಕಟ್ಟಿದರು' ಬಹುವಚನ. ಕನ್ನಡದಲ್ಲಿ ಬಹುವಚನಕ್ಕೆ ಎರಡು ಕೆಲಸ: ಹಲವರನ್ನು ಹೇಳುವುದು, ಒಬ್ಬರಿಗೆ ಮರ್ಯಾದೆ ಕೊಡುವುದು. ಮಹನೀಯರ ಪಾಠದಲ್ಲಿ ಎರಡನೆಯದು ಮೊದಲನೆಯದನ್ನು ನುಂಗಿ ಹಾಕಿದೆ. ಕಟ್ಟೆ ಕೆಲಸ ಶುರುವಾದದ್ದು 1911ರಲ್ಲಿ. ವಿಶ್ವೇಶ್ವರಯ್ಯನವರು 1918ರಲ್ಲಿ ದಿವಾನಗಿರಿ ಬಿಟ್ಟ ಮೇಲೂ ಹತ್ತು ವರ್ಷಕ್ಕೂ ಮಿಕ್ಕಿ ಕಲ್ಲು, ಗಾರೆ ಏರುತ್ತಲೇ ಇದ್ದವು. ಹೊತ್ತವರು ಯಾರು? ಹಳೇ ಕನ್ನಂಬಾಡಿ ಮುಳುಗಿದಾಗ ಊರು ಬಿಟ್ಟವರು ಯಾರು? ಪಾಠದಲ್ಲಿ ಅವರಿಗೆ ಏಕವಚನವೂ ಇಲ್ಲ. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುವ ನಮ್ಮಪ್ಪನನ್ನು ತೋಟದವರ ಚಿಕ್ಕ ಮಗನೂ 'ಬಾರೋ' ಅಂತಲೇ ಕರೆಯೋದು. ಆದ್ದರಿಂದ ಈ ವ್ಯಾಕರಣ ನನಗೆ ಬೇಗ ಅರ್ಥವಾಗುತ್ತೆ.

ಪಾಠ ಬಿಟ್ಟ ಇನ್ನೊಂದು ಸಂಗತಿ. ಪ್ರಜಾಮಿತ್ರ ಮಂಡಳಿಯವರು ಸರ್ಕಾರಿ ನೌಕರಿಯಲ್ಲಿ ಪಾಲು ಕೇಳಿದರು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಆಡಳಿತದ ದಕ್ಷತೆ ಕೆಡುತ್ತೆ ಅಂತ ವಿರೋಧಿಸಿದವರು ವಿಶ್ವೇಶ್ವರಯ್ಯನವರು. ಅವರು ದಿವಾನಗಿರಿ ಬಿಡಲು ಅದೂ ಕಾರಣ. 1919ರಲ್ಲಿ ವರದಿ ಬಂತು, 1921ರಲ್ಲಿ ಆದೇಶವಾಯಿತು. ಅದರ ಫಲ ಮೊದಲು ಸಿಕ್ಕಿದ್ದು ಭೂಮಿ ಇದ್ದ ಜಾತಿಗಳಿಗೆ, ಹೊಲೆಮಾದಿಗರ ಕೇರಿಗೆ ಬರಲು ಬಹಳ ಕಾಲ ಹಿಡಿಯಿತು. ಆದರೂ ನಾನು ಡಿಗ್ರಿ ಓದಿದ ಮೀಸಲಾತಿ ಸೀಟಿನ ದಾರಿಯಲ್ಲಿ ಆ ವರದಿಯೂ ಒಂದು ಮೈಲಿಗಲ್ಲು.

ಇದು ಪಟ ಒಡೆಯುವ ಮಾತಲ್ಲ. 1913ರ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆಯೂ ಅವರ ಕಾಲದ್ದೇ, 1916ರ ಮೈಸೂರು ವಿಶ್ವವಿದ್ಯಾನಿಲಯವೂ ಅವರ ಕಾಲದ್ದೇ. ಶಾಲೆ ಬೇಕು ಅಂದವರೇ ಪಾಲು ಬೇಡ ಅಂದರು ಅನ್ನೋದನ್ನ ಜೊತೆಗೇ ಹೇಳದಿದ್ದರೆ ಅದು ಚರಿತ್ರೆಯಲ್ಲ, ಹರಿಕಥೆ.

ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಗುಂಡಿಗೆ ಬಿದ್ದ ಹಳ್ಳಿ ಜನಕ್ಕೆ ಸ್ಮಾರಕವಾದರೂ ಇದೆ. ಪಕ್ಕದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಸುಟ್ಟರು. ಕೆಳ ಕೋರ್ಟು 2006ರಲ್ಲಿ ಆರೋಪಿಗಳನ್ನು ಬಿಟ್ಟಿತು, ಹೈಕೋರ್ಟು 2014ರಲ್ಲಿ ಅದನ್ನೇ ಎತ್ತಿಹಿಡಿಯಿತು. 'ಸುಟ್ಟರು' ಅನ್ನೋದೂ ಬಹುವಚನವೇ. ಕೋರ್ಟಿನಲ್ಲಿ ಅದಕ್ಕೆ ಒಬ್ಬನೂ ಕರ್ತೃ ಸಿಗಲಿಲ್ಲ.

ಮೇಷ್ಟ್ರುಗಳೇ, ಬರುವ ಸೆಪ್ಟೆಂಬರ್ 15ಕ್ಕೆ ಹಾರ ಹಾಕಿ, ಬೇಡ ಅನ್ನಲ್ಲ. ಮಿಲ್ಲರ್ ವರದಿಯನ್ನೂ ಹೇಳಿ. 'ಕಟ್ಟಿದರು' ಅಂದಾಗ ಹಿಂದಿನ ಸಾಲಿನ ಹುಡುಗಿ ಎದ್ದು 'ಯಾರ್ಯಾರು ಸಾರ್?' ಅಂತ ಕೇಳಿದರೆ, ಗದರಿಸಿ ಕೂರಿಸಬೇಡಿ.