ಪೊಲೀಸನ ಸೊಂಟದ ಚಾಕು

ಅಮೆರಿಕದ ಕಾ-ಬಾರ್ ಕಂಪನಿಯ ಟಿಡಿಐ ಚಾಕುವನ್ನು ಮೊದಲ ಸಲ ಕೈಗೆತ್ತಿಕೊಂಡವರಿಗೆ ಯಾರೋ ಕೆಳಗೆ ಬೀಳಿಸಿ ಬಗ್ಗಿಸಿಟ್ಟಿದ್ದಾರೆ ಅನ್ನಿಸಬೇಕು. ಅಲಗು ಎರಡೂಕಾಲು ಇಂಚಿಗಿಂತ ಕೂದಲೆಳೆಯಷ್ಟು ಹೆಚ್ಚು. ತುದಿಯಿಂದ ತುದಿಗೆ ಅಳೆದರೂ ಆರಿಂಚು ದಾಟುವುದಿಲ್ಲ. ಹಿಡಿಯಂತೂ ಅಲಗಿನ ನೇರಕ್ಕೆ ಇಲ್ಲವೇ ಇಲ್ಲ, ಪಿಸ್ತೂಲಿನ ಹಿಡಿಯ ಹಾಗೆ ಕೆಳಕ್ಕೆ ವಾಲಿಕೊಂಡಿದೆ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಭಾಮೈದ ಇದನ್ನು ಊಟದ ಮೇಜಿನ ಮೇಲಿಟ್ಟು, "ಹೆಂಗಿದೆ ಭಾವ?" ಅಂದಾಗ ನನಗೆ ತಕ್ಷಣ ಹೇಳಲು ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆದದ್ದು ಇಲ್ಲಿದೆ.

ಇದನ್ನು ರೂಪಿಸಿದವರು ಜಾನ್ ಬೆನ್ನರ್. ಒಹಾಯೋದಲ್ಲಿ ಪೊಲೀಸ್ ಕೆಲಸ ಮಾಡಿದವರು, ಅದೇ ರಾಜ್ಯದಲ್ಲಿ ಟ್ಯಾಕ್ಟಿಕಲ್ ಡಿಫೆನ್ಸ್ ಇನ್‌ಸ್ಟಿಟ್ಯೂಟ್ ಎಂಬ ತರಬೇತಿ ಶಾಲೆ ಕಟ್ಟಿದವರು. ಚಾಕುವಿನ ಹೆಸರಿನಲ್ಲಿರುವ ಮೂರಕ್ಷರ ಆ ಶಾಲೆಯದೇ. ಅವರ ಮುಂದಿದ್ದ ಸಮಸ್ಯೆಗೆ ಸ್ಪಷ್ಟ ಆಕಾರವಿತ್ತು. ಪೊಲೀಸಿನವನ ಮೈಮೇಲೆ ಬಿದ್ದವನೊಬ್ಬ ಅವನ ಪಿಸ್ತೂಲಿಗೇ ಕೈಹಾಕಿದ್ದಾನೆ. ಪೊಲೀಸಿನವನ ಬಲಗೈ ಆ ಪಿಸ್ತೂಲನ್ನು ಒರೆಯೊಳಗೇ ಅದುಮಿಹಿಡಿಯುವುದರಲ್ಲಿ ಸಿಕ್ಕಿಬಿದ್ದಿದೆ. ಬಿಡುವಾಗಿರುವುದು ಎಡಗೈ ಒಂದೇ, ಅದೂ ಏನೂ ಪಳಗದ ಕೈ. ಆ ಕೈ ಬೆಲ್ಟಿನ ಬಳಿ ಹೋಗಿ ಏನಾದರೊಂದನ್ನು ಹಿರಿಯಬೇಕು, ಹೊಸದಾಗಿ ಯಾವ ವರಸೆಯನ್ನೂ ಕಲಿಯದೆ ಬಳಸಬೇಕು. ಹಿಡಿ ವಾಲಿರುವುದು ಅದಕ್ಕೆ. ಗುದ್ದಲು ಮುಷ್ಟಿ ಹೇಗೆ ಹೋಗುತ್ತದೋ ಅಲಗೂ ಹಾಗೇ ಹೋಗುತ್ತದೆ, ಮಣಿಕಟ್ಟು ತಿರುಗಿಸುವ ಕೆಲಸವಿಲ್ಲ.

ಈ ಲೆಕ್ಕದಲ್ಲಿ ನೋಡಿದರೆ ಟಿಡಿಐ ಅಪರೂಪದ ವಸ್ತು. ಆತ್ಮರಕ್ಷಣೆಯ ಹೆಸರಲ್ಲಿ ಮಾರುವ ಚಾಕುಗಳಲ್ಲಿ ಬಹುಪಾಲಿನವು ಸಿನಿಮಾ ಖಳನ ಕೈಗೆ ಹೇಳಿ ಮಾಡಿಸಿದಂತಿರುತ್ತವೆ. ಗರಗಸದ ಹಲ್ಲು, ಅಲಗಿನಲ್ಲಿ ಕಾರಣವಿಲ್ಲದ ತೂತು. ಇದರಲ್ಲಿ ಹಾಗೆ ಸುಮ್ಮನೆ ಬಂದು ಕೂತ ಗೆರೆಯಿಲ್ಲ. ಪ್ರತಿಯೊಂದು ತಿರುವಿಗೂ ಒಂದು ಕಾರಣವಿದೆ, ಆ ಕಾರಣ ಒಬ್ಬ ಸಮವಸ್ತ್ರದವನ ಸೊಂಟದಲ್ಲಿದೆ. ತೊಡಕು ಇರುವುದೂ ಅಲ್ಲೇ. ನನ್ನ ಭಾಮೈದನ ಸೊಂಟದಲ್ಲಿ ಪಿಸ್ತೂಲಿಲ್ಲ. ಅವನು ಸಾಫ್ಟ್‌ವೇರ್ ಬರೆಯುವವನು. ಕಾಪಾಡಿಕೊಳ್ಳಲು ಪಿಸ್ತೂಲೇ ಇಲ್ಲದವನು ಪಿಸ್ತೂಲು ಕಾಯುವ ಚಾಕುವನ್ನು ಕೊಂಡಿದ್ದಾನೆ. ಅವನೊಬ್ಬನೇ ಹೀಗೆ ಅಂತಲೂ ಅಲ್ಲ. ಪುಟ್ಟ ಚಾಕುಗಳ ಈ ಇಡೀ ಸಂಪ್ರದಾಯ ಇನ್ಯಾರದೋ ಕಷ್ಟಕ್ಕೆ ಸಿಕ್ಕ ಪರಿಹಾರವನ್ನು ಎರವಲು ತಂದುಕೊಂಡದ್ದು.

ಮಡಚುವ ಚಾಕುವಿಗಿಂತ ಮಡಚದ ಚಾಕು ಮೇಲು ಎನ್ನುವ ವಾದದಲ್ಲಿ ಹುರುಳಿದೆ, ಅದನ್ನು ತಳ್ಳಿಹಾಕಲಾರೆ. ಮಡಚುವ ಚಾಕುವನ್ನು ಜೇಬಿನಿಂದ ತೆಗೆಯಬೇಕು, ಹೆಬ್ಬೆರಳಲ್ಲಿ ತೆರೆಯಬೇಕು, ಬೀಗ ಕಚ್ಚಿತೇ ನೋಡಬೇಕು. ಗಾಬರಿಯಲ್ಲಿ ಬೆರಳು ಮರಗಟ್ಟಿದಾಗ ಈ ಸಣ್ಣ ಕೆಲಸಗಳೇ ಮೊದಲು ಕೈಕೊಡುವುದು. ಮಡಚದ ಚಾಕುವಿಗೆ ಕೀಲಿಲ್ಲ, ಆ ಕೀಲಿನಲ್ಲಿ ಸಡಿಲಾಗುವ ತಿರುಪೂ ಇಲ್ಲ. ಉಕ್ಕಿನ ವಿಚಾರಕ್ಕೆ ಕೊಳ್ಳುವವರು ಕೊಡುವಷ್ಟು ಸಮಯವನ್ನು ನಾನು ಕೊಡುವುದಿಲ್ಲ. ಟಿಡಿಐಯದು ಎಯುಎಸ್-8 ಎಂಬ ಜಪಾನಿ ಉಕ್ಕು. ಸುಲಭವಾಗಿ ಸಾಣೆಗೆ ಬಗ್ಗುತ್ತದೆ, ತುಕ್ಕನ್ನೂ ತಕ್ಕಮಟ್ಟಿಗೆ ತಡೆಯುತ್ತದೆ, ಅಷ್ಟು ಸಾಕು.

ಯಾರೂ ಸಮಯ ಕೊಡದ ವಸ್ತು ಒರೆ. ಒರೆ ಸಡಿಲಾದರೆ ಓಡುವಾಗ ಚಾಕು ಬಿದ್ದುಹೋಗುತ್ತದೆ. ಬಿಗಿಯಾದರೆ ಹಿರಿಯುವಾಗ ಒರೆಯೇ ಕಿತ್ತುಕೊಂಡು ಕೈಗೆ ಬರುತ್ತದೆ. ಚರ್ಮದ ಒರೆ ಬೆವರು ಕುಡಿದು, ಆ ಉಪ್ಪುನೀರನ್ನು ಅಲಗಿಗೇ ಸವರುತ್ತದೆ. ಟಿಡಿಐಗೆ ಗಟ್ಟಿ ಪ್ಲಾಸ್ಟಿಕ್ಕಿನ ಒರೆಯಿದೆ, ಬೆಲ್ಟಿಗೆ ಸಿಕ್ಕಿಸಲು ಲೋಹದ ಕ್ಲಿಪ್ಪಿದೆ. ಎರಡನೇ ಮಹಾಯುದ್ಧದ ಬ್ರಿಟಿಷ್ ಕಮ್ಯಾಂಡೊಗಳ ಫೇರ್‌ಬೇರ್ನ್-ಸೈಕ್ಸ್ ಚೂರಿಯ ಬಗ್ಗೆ ಜನ ಇವತ್ತಿಗೂ ಅಲಗಿನ ಮಾತನ್ನೇ ಆಡುತ್ತಾರೆ. ನನಗೆ ಅದರಲ್ಲಿ ಮೆಚ್ಚುಗೆಯಾದದ್ದು ಒರೆಯ ಅಂಚಿನಲ್ಲಿದ್ದ ಚರ್ಮದ ಕಿವಿಗಳು. ಸೈನಿಕ ತನಗೆ ಬೇಕಾದ ಜಾಗದಲ್ಲಿ ಬಟ್ಟೆಗೆ ಹೊಲಿದುಕೊಳ್ಳಲಿ ಅಂತ ಅವನ್ನಿಟ್ಟಿದ್ದರು. ಆ ಚೂರಿಯನ್ನು ರೂಪಿಸಿದ, ಶಾಂಘೈ ಪೊಲೀಸಿನಲ್ಲಿ ಬೀದಿ ಜಗಳಗಳನ್ನು ಕಂಡುಬಂದ ಫೇರ್‌ಬೇರ್ನ್, ಸೈಕ್ಸ್ ಇಬ್ಬರಿಗೂ ಚೂರಿ ಎಲ್ಲಿರಬೇಕು ಎನ್ನುವುದೇ ಅರ್ಧ ಕೆಲಸ ಅಂತ ಗೊತ್ತಿತ್ತು.

ಎಲ್ಲಿರಬೇಕು ಎನ್ನುವುದನ್ನು ನಾವೂ ಆವತ್ತು ಸಂಜೆ ಪರೀಕ್ಷಿಸಿದೆವು. ಚಾಕುವನ್ನು ಕಪಾಟಿನಲ್ಲಿಟ್ಟು, ಅದರ ಬದಲು ಮಕ್ಕಳ ಕೆಂಪು ಮಾರ್ಕರನ್ನು ಮುಚ್ಚಳ ತೆಗೆದು ಅವನ ಸೊಂಟದ ಎಡಕ್ಕೆ, ಟೀ-ಶರ್ಟಿನ ಅಡಿಯಲ್ಲಿ ಸಿಕ್ಕಿಸಿದೆ. ನಾನು ಅವನನ್ನು ಗೋಡೆಗೆ ಒತ್ತಿ ಎರಡೂ ತೋಳು ಹಿಡಿಯುವುದು, ಅವನು ಮಾರ್ಕರ್ ಹಿರಿಯುವುದು. ನನಗೆ ಐವತ್ತೆಂಟು, ಅವನಿಗೆ ನಲವತ್ತು, ಬಲದಲ್ಲಿ ಅವನೇ ಹೆಚ್ಚು. ಮೊದಲ ಸಲ ಶರಟಿನ ತುದಿ ಮಾರ್ಕರಿಗೆ ಸುತ್ತಿಕೊಂಡು ಮೇಲೆ ಬರಲೇ ಇಲ್ಲ. ಎರಡನೇ ಸಲ ಬಂತು, ಬರುವ ದಾರಿಯಲ್ಲಿ ಅವನ ಹೊಟ್ಟೆಯ ಮೇಲೆ ಗೇಣುದ್ದದ ಗೆರೆ ಎಳೆದಿತ್ತು. ಐದು ಸಲ ಮಾಡಿದೆವು. ಮೂರು ಸಲ ಅವನ ಅಂಗೈಯೇ ಕೆಂಪಾಯಿತು. ನನ್ನ ಮೇಲೂ ಗೆರೆಗಳು ಬಿದ್ದವು, ಇಲ್ಲವೆನ್ನಲಾರೆ. ಆದರೆ ಅವನು ನಿಜವಾಗಿ ನನ್ನಿಂದ ಬಿಡಿಸಿಕೊಂಡದ್ದು ಕೊನೆಯ ಸಲ, ಮಾರ್ಕರ್ ಕೈಜಾರಿ ನೆಲಕ್ಕೆ ಬಿದ್ದಮೇಲೆ. ಎರಡೂ ಕೈ ಖಾಲಿಯಾದವು, ನನ್ನ ಎದೆಗೊಂದು ದಬ್ಬು ಕೊಟ್ಟು ಬಾಗಿಲಾಚೆ ಹೋಗಿ ನಿಂತಿದ್ದ. ಅಷ್ಟರಲ್ಲಿ ನನ್ನ ಹೆಂಡತಿ ಬಂದು ಇಬ್ಬರ ಬಟ್ಟೆಯನ್ನೂ ನೋಡಿ ಆಡಿದ ಮಾತು ವಿಮರ್ಶೆಯ ವ್ಯಾಪ್ತಿಗೆ ಬರುವುದಿಲ್ಲ.

ಡೆನಿಸ್ ಟ್ಯೂಲರ್ ಎಂಬ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ 1983ರಲ್ಲಿ ಬರೆದ ಲೇಖನವೊಂದು ಆತ್ಮರಕ್ಷಣೆಯ ಈ ವಲಯದಲ್ಲಿ ಎಲ್ಲರಿಗೂ ಬಾಯಿಪಾಠ. ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಿಬಿಡುತ್ತಾನೆ, ಪಳಗಿದ ಪೊಲೀಸಿಗೂ ಪಿಸ್ತೂಲು ತೆಗೆದು ಗುರಿಯಿಡಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು ಎಂಬುದು ಅದರ ಸಾರ. ಚಾಕು ಮಾರುವವರು ಇದನ್ನು ತಮ್ಮ ಪರವಾಗಿ ಉದ್ಧರಿಸುವುದನ್ನು ಕಂಡಿದ್ದೇನೆ. ನನಗೆ ಅದು ತಿರುಗುಬಾಣವಾಗಿ ಕಾಣುತ್ತದೆ. ದಿನಾ ಅಭ್ಯಾಸ ಮಾಡಿದವನಿಗೆ 21 ಅಡಿಯಲ್ಲೇ ಪಿಸ್ತೂಲು ತೆಗೆಯಲು ಹೊತ್ತು ಸಾಲದಾದರೆ, ತೋಳಳತೆಯಲ್ಲಿ ನಿಂತವನೆದುರು ಶರಟು ಎತ್ತಿ ಚಾಕು ಹಿರಿಯುವ ಹೊತ್ತನ್ನು ನಮಗೆ ಕೊಡುವವರು ಯಾರು?

ಅಮೆರಿಕದ ಕೆಲವು ಆತ್ಮರಕ್ಷಣಾ ಶಿಕ್ಷಕರು ಈಗ ಚಾಕುವನ್ನು ಪಕ್ಕಕ್ಕೆ ಬೇಡ, ಹೊಕ್ಕುಳಿನ ನೇರಕ್ಕೆ ಸಿಕ್ಕಿಸಿ ಎನ್ನುತ್ತಾರೆ. ಯಾವ ಕೈ ಬಿಡುವಾದರೂ ಎಟಕುತ್ತದೆ ಎಂಬುದು ಅವರ ತರ್ಕ. ಇದನ್ನು ಕೇಳಿದಾಗ ನನಗೆ ಕೊಡಗು ನೆನಪಾಯಿತು. ಕುಪ್ಯ ಎಂಬ ಉಡುಪಿನ ಮೇಲೆ ಚೇಲೆ ಎಂಬ ಕೆಂಪು ಸೊಂಟಪಟ್ಟಿ ಸುತ್ತಿ, ಅದರ ಮುಂಭಾಗದಲ್ಲಿ ಕೊಡವರು ಸಿಕ್ಕಿಸಿಕೊಳ್ಳುವ ಪೀಚೆಕತ್ತಿಯೂ ಮಡಚದ ಗಿಡ್ಡ ಕತ್ತಿಯೇ. ದೊಡ್ಡ ಒಡಿಕತ್ತಿಯ ಜಾಗ ಬೆನ್ನಹಿಂದೆ. ಮದುವೆಯಲ್ಲಿ ಬಾಳೆ ಕಡಿಯಲು ಕೈಗೆ ಬರುವುದು ಆ ಒಡಿಕತ್ತಿ, ಪೀಚೆಕತ್ತಿ ಬೆಳ್ಳಿಯ ಒರೆಯಲ್ಲೇ ಉಳಿಯುತ್ತದೆ. ಜಾಗ ಒಂದೇ ಆದರೂ ಪೀಚೆಕತ್ತಿಗೂ ಟಿಡಿಐಗೂ ನಡುವೆ ದೊಡ್ಡ ಅಂತರವಿದೆ. ಪೀಚೆಕತ್ತಿ ಎಲ್ಲರ ಕಣ್ಣಿಗೂ ಕಾಣುವಂತೆ ಇರುತ್ತದೆ, ಬೆಳ್ಳಿ ಕೆಲಸ ಮಾಡಿಸಿರುವುದೂ ಕಾಣಲೆಂದೇ. ಟಿಡಿಐ ಬಗೆಯ ಚಾಕುವಿನ ಗುಣವೇ ಅಡಗುವುದು. ತೋರಿಸಿದರೆ ಅದರ ಉಪಯೋಗ ಮುಗಿಯಿತು, ಅಡಗಿಸಿದರೆ ಕಾನೂನು ಶುರುವಾಯಿತು.

ಭಾಮೈದನಿಗೆ ಗೊತ್ತಿರದ ಸಂಗತಿ ಇದು. ಕ್ಯಾಲಿಫೋರ್ನಿಯಾದ ದಂಡಸಂಹಿತೆಯಲ್ಲಿ ಇರಿಯಲು ಸುಲಭವಾಗಿ ಒದಗುವ ಮಡಚದ ಚಾಕುವನ್ನು ಮೈಮೇಲೆ ಬಚ್ಚಿಟ್ಟುಕೊಂಡು ತಿರುಗುವುದೇ ಅಪರಾಧ, ಅಲಗು ಎಷ್ಟೇ ಗಿಡ್ಡವಿರಲಿ. ಸೊಂಟಕ್ಕೆ ಒರೆ ಇಳಿಬಿಟ್ಟು ಬಹಿರಂಗವಾಗಿ ತೊಟ್ಟರೆ ಬಚ್ಚಿಟ್ಟಂತಲ್ಲ. ಅಂದರೆ ಟೀ-ಶರ್ಟಿನಡಿಯ ಟಿಡಿಐ ಅಲ್ಲಿ ನೇರ ಕೇಸು. ಬ್ರಿಟನ್ನಿನಲ್ಲಿ ಇನ್ನೂ ಬಿಗಿ. ಮೂರಿಂಚು ಮೀರದ, ಬೀಗ ಬೀಳದ ಮಡಚುವ ಚಾಕುವೊಂದನ್ನು ಬಿಟ್ಟರೆ ಬೇರೆ ಯಾವ ಚಾಕುವನ್ನೂ ತಕ್ಕ ಕಾರಣವಿಲ್ಲದೆ ಬೀದಿಗೆ ಒಯ್ಯುವಂತಿಲ್ಲ, ಆತ್ಮರಕ್ಷಣೆ ಸಾಮಾನ್ಯವಾಗಿ ತಕ್ಕ ಕಾರಣವೂ ಅಲ್ಲ. ನಮ್ಮಲ್ಲಿ ಶಸ್ತ್ರಾಸ್ತ್ರ ನಿಯಮಗಳು ಹೇಳುವ ಅಳತೆ ಒಂಬತ್ತು ಇಂಚು ಉದ್ದ, ಎರಡು ಇಂಚು ಅಗಲ. ಅದಕ್ಕಿಂತ ಚಿಕ್ಕದಾದರೆ ಚಿಂತೆಯಿಲ್ಲ ಎಂದು ಹಲವರು ನಿಶ್ಚಿಂತರಾಗುತ್ತಾರೆ. ಅವರು ಓದದೆ ಬಿಟ್ಟದ್ದು ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಮು. ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲ ಎನ್ನುತ್ತದೆ ಅದು. ಸರ ಕಿತ್ತುಕೊಂಡು ಓಡುತ್ತಿರುವವನ ಬೆನ್ನಿಗೆ ಎರಡಿಂಚು ಉಕ್ಕು ಇಳಿಸಿದವನು ಅಳತೆಪಟ್ಟಿ ತೋರಿಸಿ ಬಚಾವಾಗುವಂತಿಲ್ಲ.

ಹಾಗಾದರೆ ಇದು ಕೆಟ್ಟ ಚಾಕುವೇ? ಕೆಟ್ಟದೆನ್ನಲು ನನಗೆ ಬಾಯಿ ಬಾರದು. ಬೆನ್ನರ್ ಯಾವ ಸೊಂಟವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದರೋ ಆ ಸೊಂಟಕ್ಕೆ ಇದಕ್ಕಿಂತ ಜಾಣ ವಸ್ತು ಸಿಗುವುದು ಕಷ್ಟ. ಆ ಸೊಂಟದ ಹಿಂದೆ ವರ್ಷವಿಡೀ ಅಭ್ಯಾಸವಿದೆ, ಜೊತೆಗೊಬ್ಬ ಪೊಲೀಸ್, ವಾಕಿಟಾಕಿ, ಕೋರ್ಟಿನಲ್ಲಿ ಇಲಾಖೆಯ ವಕೀಲ, ಎಲ್ಲವೂ ಇವೆ. ಬೆಲೆ ಕೊಟ್ಟವನಿಗೆ ಪೆಟ್ಟಿಗೆಯೊಳಗೆ ಇವ್ಯಾವುವೂ ಬರುವುದಿಲ್ಲ.

ಇದನ್ನೆಲ್ಲ ಹೇಳಿದಮೇಲೆ ಭಾಮೈದ ಸ್ವಲ್ಪ ಹೊತ್ತು ಸುಮ್ಮನಿದ್ದ. "ಹೋಗ್ಲಿ ಬಿಡಿ ಭಾವ, ಅಡುಗೆಮನೇಲಾದ್ರೂ ಇರ್ಲಿ," ಅಂದ. ಮರುದಿನ ಬೆಳಿಗ್ಗೆ ಚಾಕುವನ್ನು ಕಪಾಟಿನಿಂದ ತೆಗೆದು ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಲು ಕೂತ. ಹಿಡಿ ಕೆಳಕ್ಕೆ ವಾಲಿದೆಯಲ್ಲ, ಅಲಗು ಈರುಳ್ಳಿಯನ್ನು ಅರ್ಧ ಸೀಳುವ ಮೊದಲೇ ಅವನ ಬೆರಳಗೆಣ್ಣು ಮಣೆಗೆ ಬಡಿಯಿತು.